ಬೇಕಾದ ತೋಟೆ ಸಿಗದಾಗ ಕೋವಿಗೆ ಏನು ತುಂಬುವುದು?



ಅಡಿಕೆಯ ಕೊಳೆರೋಗ, ತೆಂಗಿನ ಕುರುವಾಯಿ ಹುಳ, ಮಳೆಗಾಲದ ಜ್ವರ, ಸಕ್ಕರೆ ಕಾಯಿಲೆ ಇವುಗಳ ಬಗ್ಗೆ ಬರೆಯುವುದು ಈ ಅಂಕಣದ ವಾಡಿಕೆ. ಈ ಸಲ ಕೋವಿಯ ತೋಟೆಯ ಬಗ್ಗೆ ಬರೆಯುತ್ತಿದ್ದೇವೆ. ಪಾದ್ರಿಗಳಿಗೆ ಕೋವಿಯ ಮಾತು ಯಾಕೆ ಎಂದು ಕೆಲವರು ಕೇಳಿಯಾರು. ಕಾರಣ ಇಷ್ಟೇ. ಕಳೆದ ಎರಡು ತಿಂಗಳಲ್ಲಿ ಮೂರ್ನಾಲ್ಕು ಮನೆಯವರು ನಮ್ಮಲ್ಲಿ ಒಂದೇ ಪ್ರಶ್ನೆ ಕೇಳಿದ್ದಾರೆ. ಕೋವಿಗೆ ಲೈಸೆನ್ಸ್ ಇದೆ, ಹಂದಿ ಹೊಡೆಯಲು ಪಂಚಾಯತಿನಿಂದ ಅನುಮತಿಯೂ ಸಿಕ್ಕಿದೆ, ಆದರೆ ಇಷ್ಟು ವರ್ಷ ಉಪಯೋಗಿಸುತ್ತಿದ್ದ ಎಸ್.ಜಿ. ತೋಟೆ ಅಂಗಡಿಯಲ್ಲಿ ಇಲ್ಲ. ಬದಲಿಗೆ ಏನು ತರುವುದು? ಒಬ್ಬರಿಗೆ ಅಂಗಡಿಯಲ್ಲಿ 4 ನಂಬರಿನ ತೋಟೆ ತೋರಿಸಿದರಂತೆ. ಇನ್ನೊಬ್ಬರ ಭಾವನ ಮನೆಯಲ್ಲಿ, ಸುಳ್ಯದ ಕಡೆ, ಹಳೆಯ ತೋಟೆ ಹತ್ತು ಹನ್ನೆರಡು ಉಳಿದಿದೆಯಂತೆ. ಮತ್ತೊಬ್ಬರು ಹಳೆಯ ತೋಟೆ ಒಡೆದು ಅದರ ಮದ್ದನ್ನು ಅಜ್ಜನ ಕಾಲದ ಕೇಪಿನ ಕೋವಿಗೆ ತುಂಬಿದರೆ ಹೇಗೆ ಎಂದು ಕೇಳಿದರು. ಆ ಮೂರನೆಯ ಪ್ರಶ್ನೆ ಕೇಳಿದ ಮೇಲೆ ಸುಮ್ಮನಿರುವುದು ಸರಿಯಲ್ಲವೆಂದು ನಮಗೆ ಕಂಡಿತು.

ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಎಸ್.ಜಿ.ಗೆ ಬದಲಿ ಇದೆ, ಆದರೆ ಬಹಳ ಕಡಿಮೆ, ಒಂದು ಕೈಯ ಬೆರಳುಗಳಲ್ಲಿ ಎಣಿಸುವಷ್ಟು. ಅವುಗಳಲ್ಲಿ ಯಾವುದೂ ಸಿಗದಿದ್ದರೆ ಕೋವಿ ಕಪಾಟಿನೊಳಗೆ ಬೀಗ ಹಾಕಿಕೊಂಡೇ ಇರಲಿ. ಸಿಕ್ಕಿದ್ದನ್ನು ತುಂಬಿ ಹೊಡೆಯುವುದಕ್ಕಿಂತ ಆ ವರ್ಷ ಮರಗೆಣಸು ಹೋದರೂ ಅಡ್ಡಿಯಿಲ್ಲ.

ಇದು ಹೇಳಲು ಸುಲಭ, ಗೆಣಸು ಕಳೆದುಕೊಂಡವನಿಗೆ ಕಷ್ಟ ಎಂಬುದೂ ನಮಗೆ ತಿಳಿದಿದೆ. ಅಡೂರು, ದೇಲಂಪಾಡಿ ಕಡೆಯಲ್ಲಿ ಪಯಸ್ವಿನಿ ಹೊಳೆಯ ಬದಿಯ ತೋಟಗಳಿಗೂ ಕಾಡಿಗೂ ನಡುವೆ ಒಂದು ಅಗಳು, ಅದೂ ಅರ್ಧ ಮುಚ್ಚಿಹೋದದ್ದು. ರಾತ್ರಿ ಬೆಳಗಾಗುವುದರೊಳಗೆ ಹತ್ತಿಪ್ಪತ್ತು ಬಾಳೆ, ಒಂದು ಸಾಲು ಅಡಿಕೆ ಸಸಿ, ಸುವರ್ಣಗೆಡ್ಡೆಯ ಹೊಂಡ ಎಲ್ಲವೂ ಅಡಿಮೇಲು. ಎರೆಹುಳು ಹುಡುಕುತ್ತಾ ಅದು ತೋಟದ ಬದುವನ್ನೇ ಅಗೆದು ಹಾಕುತ್ತದೆ. ಆದ್ದರಿಂದಲೇ 2022ರ ಮೇ ತಿಂಗಳಲ್ಲಿ ಕೇರಳ ಸರಕಾರ ಗ್ರಾಮ ಪಂಚಾಯತು ಅಧ್ಯಕ್ಷರಿಗೆ ಗೌರವ ವನ್ಯಜೀವಿ ಪಾಲಕರ ಅಧಿಕಾರ ಕೊಟ್ಟು, ಬೆಳೆ ಹಾಳು ಮಾಡುವ ಕಾಡುಹಂದಿಯನ್ನು ಲೈಸೆನ್ಸ್ ಇರುವ ಕೋವಿಯವರಿಂದ ಹೊಡೆಸಬಹುದೆಂದು ಆದೇಶ ಮಾಡಿತು. ಇಂತಹ ಆದೇಶಕ್ಕೆ ಅವಧಿ ಇರುತ್ತದೆ, ಮುಂದುವರಿಸುತ್ತಾರೆ. ಹೊಡೆಯುವ ಮೊದಲು ಈಗ ಜಾರಿಯಲ್ಲಿ ಇದೆಯೇ, ನಿಮ್ಮ ಹೆಸರು ಪಟ್ಟಿಯಲ್ಲಿ ಇದೆಯೇ ಎಂದು ಪಂಚಾಯತು ಕಚೇರಿಯಲ್ಲಿ ಕೇಳಿಕೊಳ್ಳಿ. ಹಂದಿಯ ಮಟ್ಟಿಗೆ ಮಾತ್ರ ಈ ಅನುಮತಿ. ಮಂಗ, ನವಿಲು, ಕೆಂಪಳಿಲು ಇವು ಎಷ್ಟೇ ಉಪದ್ರ ಕೊಟ್ಟರೂ ಈ ಅನುಮತಿಯೊಳಗೆ ಬರುವುದಿಲ್ಲ.

ಇನ್ನು ತೋಟೆಯ ವಿಷಯ. ಪೆಟ್ಟಿಗೆಯ ಮೇಲಿನ ಅಕ್ಷರ ನೋಡುವ ಮೊದಲು ಕೋವಿಯ ಮೇಲಿನ ಅಕ್ಷರ ನೋಡಬೇಕು. ಕೋವಿ ಮುರಿದು ನಳಿಗೆಯ ಬುಡದಲ್ಲಿ ನೋಡಿದರೆ 12 ಎಂದೋ 16 ಎಂದೋ ಕೆತ್ತಿರುತ್ತದೆ. ಒಂದು ಪೌಂಡು ಸೀಸದಿಂದ ಸಮನಾದ ಹನ್ನೆರಡು ಗುಂಡು ಮಾಡಿದರೆ ಒಂದೊಂದು ಗುಂಡು ಹಿಡಿಸುವಷ್ಟು ದಪ್ಪದ ನಳಿಗೆಗೆ 12 ಬೋರು ಎಂದು ಹೆಸರು. ಹಾಗಾಗಿ ಅಂಕೆ ದೊಡ್ಡದಾದಷ್ಟೂ ನಳಿಗೆ ಸಣ್ಣದು. 12 ಬೋರಿನ ನಳಿಗೆಯ ಒಳ ಅಗಲ ಸುಮಾರು 18.5 ಮಿಲಿಮೀಟರು, 16ರದ್ದು ಸುಮಾರು 16.8, 20ರದ್ದು ಸುಮಾರು 15.6. ಬದಲಿ ಹುಡುಕುವಾಗ ಬೋರು ಬದಲಾಗುವಂತೆಯೇ ಇಲ್ಲ. 20ರ ತೋಟೆಯನ್ನು 12ರ ಕೋವಿಗೆ ಹಾಕಿದರೆ ಅದು ಒಳಕ್ಕೆ ಜಾರಿ ನಳಿಗೆಯ ನಡುವೆ ಸಿಕ್ಕಿಕೊಳ್ಳುತ್ತದೆ. ಕತ್ತಲಲ್ಲಿ ಕೋವಿ ಖಾಲಿ ಎಂದು ತಿಳಿದು ಹಿಂದಿನಿಂದ ಸರಿಯಾದ ತೋಟೆ ಹಾಕಿ ಕುದುರೆ ಎಳೆದರೆ ನಳಿಗೆ ಸೀಳಿ ಎಡಗೈ ಹೋಗುತ್ತದೆ. ಹೊರದೇಶದ ಹೆಚ್ಚಿನ ಕಾರ್ಖಾನೆಗಳು 20ರ ತೋಟೆಗೆ ಹಳದಿ ಬಣ್ಣ ಕೊಡುವುದು ಈ ಒಂದೇ ಕಾರಣಕ್ಕೆ.

ಬೋರಿನ ಬಳಿಯಲ್ಲೇ ಇನ್ನೊಂದು ಅಂಕೆ ಇರುತ್ತದೆ, ತೋಟೆ ಕೂರುವ ಮನೆಯ ಉದ್ದ. ಹಳೆಯ ಇಂಗ್ಲಿಷ್ ಕೋವಿಗಳಲ್ಲಿ ಇದು ಎರಡೂವರೆ ಇಂಚು, ಅಂದರೆ 65 ಮಿಲಿಮೀಟರು. ಈಚಿನವುಗಳಲ್ಲಿ ಎರಡೂಮುಕ್ಕಾಲು ಇಂಚು, 70 ಮಿಲಿಮೀಟರು. ಜನ ಮೋಸ ಹೋಗುವುದು ಇಲ್ಲಿಯೇ. 70ರ ತೋಟೆಯ ಬಾಯಿ ಮಡಚಿರುವುದರಿಂದ ಅದು 65ರ ಕೋವಿಯೊಳಗೆ ಸಲೀಸಾಗಿ ಕೂರುತ್ತದೆ, ಕೋವಿ ಮುಚ್ಚುತ್ತದೆ, ಸರಿಯಾಯಿತು ಎನಿಸುತ್ತದೆ. ಈಡು ಹಾರುವಾಗ ಮಡಿಕೆ ಬಿಡಿಸಿಕೊಳ್ಳಲು ಮಾತ್ರ ಜಾಗ ಸಾಲದೆ ಒತ್ತಡ ವಿಪರೀತ ಏರುತ್ತದೆ. ಒಂದೆರಡು ಸಲ ಏನೂ ಆಗದೆ ಇರಬಹುದು. ಅಜ್ಜನಿಂದ ಬಂದ ಕೋವಿ, ಅದರಲ್ಲೂ ನಳಿಗೆಯ ಮೇಲೆ ಹಾವಿನ ಮೈಯಂತೆ ಸುರುಳಿ ಗೆರೆಗಳು ಕಾಣುವ ಹಳೆಯ ಮಾದರಿಯದ್ದಾದರೆ, ಅದು ಕರಿಮದ್ದಿನ ಕಾಲದ್ದು. ಅದಕ್ಕೆ ಈಗಿನ ಹೊಗೆಯಿಲ್ಲದ ಮದ್ದಿನ ತೋಟೆ ಹಾಕಲೇಬಾರದು. ಅದನ್ನು ನೆನಪಿಗೆ ಇಟ್ಟುಕೊಳ್ಳುವುದಾದರೂ ಲೈಸೆನ್ಸಿನ ನಿಯಮದಂತೆಯೇ ಇಡಬೇಕು.

ಬೋರು, ಉದ್ದ ಎರಡೂ ಹೊಂದಿದ ಮೇಲೆ ಚರೆಯ ಆಯ್ಕೆ. ಅಂಗಡಿಯವನು 'ಇದೂ ಹನ್ನೆರಡರದ್ದೇ, ಇದೂ ಹಾರುತ್ತದೆ' ಎಂದು 4 ನಂಬರನ್ನು ಕೊಡುವಾಗ ಅವನು ಹೇಳಿದ್ದು ಸುಳ್ಳಲ್ಲ. ಹಾರುತ್ತದೆ ನಿಜ, ಹಂದಿ ಸಾಯುವುದಿಲ್ಲ. ತೂಕದ ಲೆಕ್ಕ ನೋಡಿ. ಎಸ್.ಜಿ. ಚರೆ ಒಂದು ಔನ್ಸಿಗೆ ಎಂಟು, ಅಂದರೆ ಒಂದೊಂದು ಚರೆ ಸುಮಾರು ಮೂರೂವರೆ ಗ್ರಾಂ. ಎಲ್.ಜಿ. ಔನ್ಸಿಗೆ ಆರು, ಒಂದೊಂದು ನಾಲ್ಕೂವರೆ ಗ್ರಾಮಿಗೂ ಹೆಚ್ಚು. ಎಸ್.ಎಸ್.ಜಿ. ಔನ್ಸಿಗೆ ಹದಿನೈದು, ಒಂದೊಂದು ಎರಡು ಗ್ರಾಮಿಗೆ ಸ್ವಲ್ಪ ಕಡಿಮೆ. ಅಲ್ಲಿಂದ ಕೆಳಗೆ ಇಳಿದರೆ ಎ.ಎ.ಎ. ಔನ್ಸಿಗೆ ಮೂವತ್ತೈದು, ಒಂದು ಗ್ರಾಂ ಕೂಡ ಇಲ್ಲ. 4 ನಂಬರು ಔನ್ಸಿಗೆ ನೂರ ಎಪ್ಪತ್ತು. 6 ನಂಬರು ಇನ್ನೂರ ಎಪ್ಪತ್ತು, ಗ್ರಾಮಿನ ಹತ್ತನೇ ಒಂದು ಪಾಲು. ಸಣ್ಣ ಚರೆ ಗಾಳಿಯಲ್ಲಿ ಬೇಗ ಬಲ ಕಳೆದುಕೊಳ್ಳುತ್ತದೆ. ಬೆಳೆದ ಗಂಡು ಹಂದಿ ನೂರು ಕಿಲೋ ತೂಗುವುದುಂಟು, ಅದರ ಭುಜದ ಮೇಲೆ ಕೆಸರು ಮೆತ್ತಿದ ಚರ್ಮದ ಅಡಿಯಲ್ಲಿ ಗಟ್ಟಿಯಾದ ಒಂದು ಗುರಾಣಿಯೇ ಇರುತ್ತದೆ. 4 ನಂಬರಿನ ಚರೆ ಆ ಚರ್ಮದೊಳಗೆ ಉಳಿದು ಕೀವಾಗುತ್ತದೆ ಅಷ್ಟೇ.

ಆದ್ದರಿಂದ ಎಸ್.ಜಿ. ಇಲ್ಲವಾದರೆ ಎಲ್.ಜಿ. ಕೇಳಿ. ಚರೆಯ ಸಂಖ್ಯೆ ಕಡಿಮೆ, ಪೆಟ್ಟು ಭಾರ. ಇನ್ನೂ ಹತ್ತಿರ ಬಿಟ್ಟು ಹೊಡೆಯಬೇಕು, ಇಪ್ಪತ್ತೈದು ಗಜ ದಾಟಬಾರದು. ಹೊರದೇಶದ ಪೆಟ್ಟಿಗೆ ಸಿಕ್ಕಿದರೆ ಅದರಲ್ಲಿ ಎಸ್.ಜಿ. ಎಂದು ಬರೆದಿರುವುದಿಲ್ಲ. ಅಮೆರಿಕದ ಕ್ರಮದಲ್ಲಿ ಎರಡು ಸೊನ್ನೆಯ 'ಬಕ್' ಎಂಬುದು ನಮ್ಮ ಎಸ್.ಜಿ.ಗೆ ಹೆಚ್ಚುಕಡಿಮೆ ಸಮ, ಒಂದೊಂದು ಚರೆ ಮೂರೂವರೆ ಗ್ರಾಮೇ. ಆದರೆ ಅದೇ ಕ್ರಮದಲ್ಲಿ '4 ಬಕ್' ಬೇರೆ, ಹಕ್ಕಿಗೆ ಹೊಡೆಯುವ '4 ನಂಬರು' ಬೇರೆ. ಅಂಕೆ ಒಂದೇ ಎಂದು ಏಮಾರಬಾರದು. ಎಸ್.ಎಸ್.ಜಿ. ಕೊನೆಯ ಮೆಟ್ಟಿಲು. ಹದಿನೈದು ಇಪ್ಪತ್ತು ಗಜದೊಳಗೆ, ಹಂದಿ ಅಡ್ಡ ನಿಂತಿದ್ದರೆ ಮಾತ್ರ. ಎ.ಎ.ಎ.ಯನ್ನು ನಾವು ಲೆಕ್ಕಕ್ಕೆ ತೆಗೆದುಕೊಳ್ಳುವುದೇ ಇಲ್ಲ. ಒಂಟಿ ಗುಂಡಿನ ತೋಟೆ ಒಳ್ಳೆಯ ಬದಲಿಯೇ, ಕಾರ್ಖಾನೆಯದ್ದಾದರೆ ಮಾತ್ರ. ಆದರೆ ಜೋಡು ನಳಿಗೆ ಕೋವಿಗಳಲ್ಲಿ ಸಾಮಾನ್ಯವಾಗಿ ಎಡ ನಳಿಗೆಯ ಬಾಯಿ ಬಿಗಿ ಇರುತ್ತದೆ. ಬಿಗಿ ಬಾಯಿಗೆ ಆಗುವ ಗುಂಡೇ ಎಂದು ಪೆಟ್ಟಿಗೆಯಲ್ಲಿ ಬರೆದಿದ್ದರೆ ಸರಿ, ಇಲ್ಲವಾದರೆ ಬಲ ನಳಿಗೆಯಲ್ಲೇ ಹಾಕಿ. ಸಣ್ಣ ಚರೆಯ ತೋಟೆ ಬಿಚ್ಚಿ ಮೇಣ ಹೊಯ್ದು ಗುಂಡು ಮಾಡುವ ಬುದ್ಧಿವಂತರ ಮಾತು ಕಿವಿಗೆ ಹಾಕಿಕೊಳ್ಳಬೇಡಿ.

ಹೊಸ ತೋಟೆ ಮನೆಗೆ ಬಂದಾಗ ಮೊದಲನೆಯದನ್ನು ಹಂದಿಗೆ ಹೊಡೆಯಬಾರದು ಎಂದು ಅನುಭವಸ್ಥರು ಹೇಳುತ್ತಾರೆ, ನಮಗೂ ಸರಿಕಂಡಿತು. ಠಾಣೆಗೆ ತಿಳಿಸಿ, ಎತ್ತರದ ಮಣ್ಣಿನ ದರೆಯ ಎದುರಿಗೆ ಹಳೆಯ ಗೋಣಿಗೆ ಪೇಪರು ಕಟ್ಟಿ, ಇಪ್ಪತ್ತೈದು ಹೆಜ್ಜೆಯಿಂದ ಒಂದು ಈಡು ಹಾರಿಸಿ ನೋಡಿದರೆ ಚರೆ ಎಷ್ಟು ಅಗಲಕ್ಕೆ ಹರಡುತ್ತದೆಂದು ಗೊತ್ತಾಗುತ್ತದೆ. ಒಂದೇ ಕೋವಿ, ಎರಡು ಬಗೆಯ ತೋಟೆ, ಹರಡುವುದು ಒಂದೇ ಸಮ ಇರುವುದಿಲ್ಲ. ತೋಟೆ ಸಿಗದ ಕಾಲದಲ್ಲಿ ಒಂದನ್ನು ಗೋಣಿಗೆ ಹೊಡೆಯುವುದೆಂದರೆ ಮನಸ್ಸು ಬರುವುದಿಲ್ಲ. ಆದರೆ ಅದು ದಂಡವಲ್ಲ.

ಇಷ್ಟೆಲ್ಲ ತೂಕ ಅಳತೆ ಹೇಳುವುದಕ್ಕೆ ಕಾರಣ ಗಾಯಗೊಂಡ ಹಂದಿ. ಸತ್ತ ಹಂದಿಯಿಂದ ಉಪದ್ರವಿಲ್ಲ, ಓಡಿಹೋದ ಆರೋಗ್ಯವಂತ ಹಂದಿಯಿಂದಲೂ ಅಷ್ಟಿಲ್ಲ. ಸಣ್ಣ ಚರೆ ತಿಂದು ನೋವಿನಲ್ಲಿ ಪೊದೆಯಲ್ಲಿ ಮಲಗಿದ ಹಂದಿ ಮಾರನೆಯ ದಿನ ಎದುರಾಗುವುದು ಕೋವಿಯವನಿಗಲ್ಲ. ಮುಂಜಾನೆ ಟಾರ್ಚು ಕಟ್ಟಿಕೊಂಡು ರಬ್ಬರ್ ಹಾಲು ತೆಗೆಯಲು ಹೋಗುವವರಿಗೆ, ಹುಲ್ಲು ಕೊಯ್ಯಲು ಹೋದ ಹೆಂಗಸರಿಗೆ, ಬಸ್ಸಿಗೆ ನಡೆದುಹೋಗುವ ಮಕ್ಕಳಿಗೆ. ಹೊಡೆದವನು ಮನೆಯಲ್ಲಿ ಚಹಾ ಕುಡಿಯುತ್ತಿರುತ್ತಾನೆ. ಹಂದಿ ಗಾಯಗೊಂಡು ತಪ್ಪಿಸಿಕೊಂಡರೆ ಅದೇ ರಾತ್ರಿ ಅರಣ್ಯ ಇಲಾಖೆಗೂ ನೆರೆಮನೆಗಳಿಗೂ ತಿಳಿಸುವುದು ಅವನ ಮೇಲಿನ ಹೊಣೆ. ನಾಚಿಕೆಯಿಂದ ಮುಚ್ಚಿಡುವ ವಿಷಯವಲ್ಲ. ಯಾರಿಗಾದರೂ ಹಂದಿ ತಿವಿದರೆ ಅಥವಾ ಕಚ್ಚಿದರೆ ಗಾಯವನ್ನು ಸಾಬೂನು ಹಾಕಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ತಕ್ಷಣ ಆಸ್ಪತ್ರೆಗೆ ಹೋಗಬೇಕು. ಧನುರ್ವಾಯುವಿನ ಚುಚ್ಚುಮದ್ದು ಮಾತ್ರ ಸಾಲದು. ಕಾಡುಪ್ರಾಣಿ ಕಚ್ಚಿದ ಗಾಯವನ್ನು ಹುಚ್ಚುನಾಯಿ ಕಡಿತದಷ್ಟೇ ಗಂಭೀರವೆಂದು ತೆಗೆದುಕೊಂಡು ರೇಬೀಸ್ ಲಸಿಕೆಯ ಬಗ್ಗೆ ವೈದ್ಯರಲ್ಲಿ ಕೇಳಲೇಬೇಕು. ಅರಸಿನ, ಕಾಫಿಪುಡಿ ಮೆತ್ತಬೇಡಿ.

ಈಗ ಆ ಮೂರನೆಯ ಪ್ರಶ್ನೆ, ಕೇಪಿನ ಕೋವಿಯದ್ದು. 1959ರ ಆಯುಧ ಕಾಯಿದೆಯಲ್ಲಿ ಬೆಳೆ ರಕ್ಷಣೆಗೆಂದು ಮೊದಲು ಹೆಸರಿಸಿರುವುದೇ ಬಾಯಿಯಿಂದ ಮದ್ದು ತುಂಬುವ ಈ ಕೋವಿಯನ್ನು. ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ಮಾತ್ರ ತೋಟೆ ಕೋವಿ. ಹಾಗಾಗಿ ನಮ್ಮ ಕಡೆಯ ಹಲವು ಮನೆಗಳಲ್ಲಿ ಇಂತಹ ಕೋವಿ ಬಹಳ ಕಾಲ ಇತ್ತು. ಅದರ ಆಹಾರ ಕರಿಮದ್ದು. ತೋಟೆಯೊಳಗಿನ ಮದ್ದು ಬೇರೆಯೇ ಜಾತಿಯದ್ದು. ಕರಿಮದ್ದಿನ ಅಳತೆಯ ಡಬ್ಬಿಯಲ್ಲಿ ಅಷ್ಟೇ ಅಳೆದು ಇದನ್ನು ತುಂಬಿದರೆ ಬಲ ಎಷ್ಟೋ ಪಾಲು ಹೆಚ್ಚು, ನಳಿಗೆ ತಡೆಯುವುದಿಲ್ಲ. ಜಾತ್ರೆಯ ಗರ್ನಾಲಿನ ಮದ್ದು ಇನ್ನೂ ಕೆಟ್ಟದ್ದು, ಅದು ಉರಿಯುವುದಿಲ್ಲ, ಒಡೆಯುತ್ತದೆ. ಕರಿಮದ್ದು ಸಿಗಲಿಲ್ಲವೆಂದರೆ ಆ ಕೋವಿಗೆ ಬದಲಿ ಏನೂ ಇಲ್ಲ. ಇಲ್ಲ ಎಂದೇ ನಾವು ಹೇಳುತ್ತೇವೆ.

ಕೇಪಿನ ಕೋವಿಯ ಜೊತೆಗೆ ಬರುವ ಇನ್ನೊಂದು ಅಭ್ಯಾಸ ಆರೋಗ್ಯಕ್ಕೆ ಸಂಬಂಧಿಸಿದ್ದು. ಗುಂಡು ಸಿಗದಾಗ ಹಳೆಯ ಬ್ಯಾಟರಿ ಒಡೆದು ಸೀಸ ತೆಗೆದು ಅಡಿಗೆಮನೆಯ ಒಲೆಯಲ್ಲಿಯೇ ಕರಗಿಸುವವರಿದ್ದಾರೆ. ಸೀಸದ ಹೊಗೆ, ಪುಡಿ ಗೋಡೆಗೆ, ಪಾತ್ರೆಗೆ, ನೆಲಕ್ಕೆ ಅಂಟುತ್ತದೆ. ನೆಲದಲ್ಲಿ ಹರಿದಾಡುವ ಮಗುವಿನ ಬಾಯಿಗೆ ಹೋಗುತ್ತದೆ. ಸೀಸಕ್ಕೆ ಇಷ್ಟರವರೆಗೆ ತೊಂದರೆಯಿಲ್ಲ ಎಂಬ ಮಿತಿಯೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮಕ್ಕಳ ಬುದ್ಧಿ ಬೆಳವಣಿಗೆ ಕುಂಠಿತವಾಗುತ್ತದೆ, ಗರ್ಭಿಣಿಯರಿಗೆ ಅಪಾಯ, ದೊಡ್ಡವರಿಗೆ ರಕ್ತದೊತ್ತಡ, ಮೂತ್ರಪಿಂಡದ ತೊಂದರೆ. ಮಗುವಿಗೆ ಪದೇ ಪದೇ ಹೊಟ್ಟೆನೋವು, ರಕ್ತ ಕಡಿಮೆ ಎಂದು ಆಸ್ಪತ್ರೆಗೆ ಹೋದಾಗ ಮನೆಯಲ್ಲಿ ಸೀಸ ಕರಗಿಸುವುದುಂಟು ಎಂಬ ಮಾತನ್ನು ವೈದ್ಯರಿಗೆ ಹೇಳಲು ಮರೆಯಬಾರದು. ಕೈಯಲ್ಲಿ ತೋಟೆ ಮುಟ್ಟಿದವರೂ ಕೈ ತೊಳೆಯದೆ ಊಟಕ್ಕೆ ಕೂರಬಾರದು. ಡೆನ್ಮಾರ್ಕ್ ದೇಶ 1996ರಲ್ಲೇ ಸೀಸದ ಚರೆಯನ್ನು ನಿಷೇಧಿಸಿತು. ಯುರೋಪಿನ ಒಕ್ಕೂಟದಲ್ಲಿ 2023ರ ಫೆಬ್ರವರಿಯಿಂದ ಜೌಗು ಪ್ರದೇಶಗಳಲ್ಲಿ ಅದನ್ನು ಹಾರಿಸುವಂತಿಲ್ಲ. ಅಲ್ಲಿಯ ಬೇಟೆಯವರಿಗೂ ಮೆಚ್ಚಿನ ತೋಟೆ ಹೋಗಿ ಬದಲಿ ಹುಡುಕುವ ಪಾಡು ಬಂತು. ಹೆಚ್ಚಿನವರು ಉಕ್ಕಿನ ಚರೆಗೆ ಹೋದರು. ಅದು ಸೀಸಕ್ಕಿಂತ ಹಗುರ, ಆದ್ದರಿಂದ ಎರಡು ಅಳತೆ ದೊಡ್ಡ ಚರೆ ಬೇಕು. ಗಟ್ಟಿಯೂ ಹೌದು, ಆದ್ದರಿಂದ ಬಿಗಿ ಬಾಯಿಯ ಹಳೆಯ ಕೋವಿಗೆ ಕೇಡು. ನಿಮ್ಮ ಕೈಗೆ ಎಂದಾದರೂ ಅಂತಹ ಪೆಟ್ಟಿಗೆ ಬಂದರೆ ಇದನ್ನು ನೆನಪಿಡಿ.

ಭಾವನ ಮನೆಯ ಹಳೆಯ ತೋಟೆಗೆ ಎರಡು ತೊಡಕು. ತೋಟೆ ಉಪ್ಪು ಸಕ್ಕರೆಯಂತೆ ಕೈಗಡ ಕೊಡುವ ವಸ್ತುವಲ್ಲ. ಅಂಗಡಿಯಲ್ಲಿ ಕೊಂಡದ್ದು ಅವರವರ ಲೈಸೆನ್ಸ್ ಪುಸ್ತಕದಲ್ಲಿ ಬರೆಯಲ್ಪಡುತ್ತದೆ, ಅದನ್ನು ಹಾಗೆಯೇ ಇನ್ನೊಬ್ಬರಿಗೆ ದಾಟಿಸುವುದು ಕಾನೂನಿಗೆ ವಿರುದ್ಧ. ನಮಗೆ ಗಡಿ ಎಂದರೆ ಮನೆಯ ಹಿಂದಿನ ತೋಡು. ಹಂದಿಗೆ ಕೇರಳ ಕರ್ನಾಟಕ ಗೊತ್ತಿಲ್ಲ, ಪೊಲೀಸರಿಗೆ ಗೊತ್ತಿದೆ. ಲೈಸೆನ್ಸಿನಲ್ಲಿ ಯಾವ ಪ್ರದೇಶಕ್ಕೆ ಎಂದು ಬರೆದಿದೆಯೋ ಅದರಾಚೆಗೆ ಕೋವಿಯಾಗಲಿ ತೋಟೆಯಾಗಲಿ ಹೋಗಬಾರದು. ಎರಡನೆಯ ತೊಡಕು ನಮ್ಮ ಮಳೆ. ಕಾಗದದ ತೋಟೆ ಥಂಡಿಗೆ ಉಬ್ಬುತ್ತದೆ, ಹಿತ್ತಾಳೆ ಹಸಿರುಗಟ್ಟುತ್ತದೆ. ಒಣಗಿರಲಿ ಎಂದು ಒಲೆಯ ಮೇಲಿನ ಅಟ್ಟದಲ್ಲಿ ಇಡುವುದು ಇನ್ನೂ ಕೆಟ್ಟದ್ದು, ಬಿಸಿಗೆ ಮದ್ದು ಕೆಡುತ್ತದೆ. ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ, ತಂಪು ಕೋಣೆಯಲ್ಲಿ, ಕೋವಿಯಿಂದ ಬೇರೆ ಬೀಗದಲ್ಲಿ ಇಡಬೇಕು. ಕುದುರೆ ಎಳೆದಾಗ ಈಡು ಹಾರದಿದ್ದರೆ ತಕ್ಷಣ ಕೋವಿ ಮುರಿಯದೆ, ಬಾಯಿಯನ್ನು ದರೆಯ ಕಡೆಗೇ ಹಿಡಿದು ಒಂದು ನಿಮಿಷ ಕಾಯಬೇಕು. ತಡವಾಗಿ ಹಾರುವುದುಂಟು. 'ಟುಸ್' ಎಂದು ಸಣ್ಣ ಸದ್ದಾದರೆ ನಳಿಗೆಯೊಳಗೆ ಏನೋ ಸಿಕ್ಕಿದೆ ಎಂದೇ ತಿಳಿಯಬೇಕು, ಇನ್ನೊಂದು ಈಡು ಹಾಕುವಂತಿಲ್ಲ.

ರೈಫಲ್ ಇರುವವರು ನಮ್ಮಲ್ಲಿ ಅಪರೂಪ, ಆದ್ದರಿಂದ ಒಂದೆರಡು ಮಾತು ಸಾಕು. ಇಶಾಪುರದ ಕಾರ್ಖಾನೆಯ .315 ರೈಫಲಿಗೆ .315ರ ತೋಟೆ ಮಾತ್ರ. ಅದೂ 8 ಮಿಲಿಮೀಟರು, ಇದೂ 8 ಮಿಲಿಮೀಟರು ಎಂದು ಬೇರೆ ಜಾತಿಯ ತೋಟೆ ಹಾಕುವಂತಿಲ್ಲ. .22 ಹಂದಿಗೆ ಸಾಲದು. ಎಲ್ಲಕ್ಕಿಂತ ಮುಖ್ಯ, ರೈಫಲಿನ ಗುಂಡು ಚರೆಯಂತೆ ಹತ್ತಿರದಲ್ಲಿ ಬೀಳುವುದಿಲ್ಲ. .22ರ ಸಣ್ಣ ಗುಂಡೇ ಒಂದು ಮೈಲು ಹೋಗಬಲ್ಲದು. ತೋಟಕ್ಕೊಂದು ಮನೆ ಇರುವ ನಮ್ಮ ಊರಿನಲ್ಲಿ ಹಂದಿಯ ಹಿಂದೆ ಮಣ್ಣಿನ ದರೆ ಇಲ್ಲದೆ ಹೊಡೆಯುವುದೆಂದರೆ ಯಾರದೋ ಜಗಲಿಗೆ ಹೊಡೆದಂತೆ.

ಹಾಗಾದರೆ ತೋಟೆ ಸಿಗುವವರೆಗೆ ಏನು ಮಾಡುವುದು? ಬೆಲ್ಲದಲ್ಲಿ ಅಡಗಿಸಿದ ಸಿಡಿಮದ್ದು, ಉರುಳು, ಮನೆಯ ಕರೆಂಟಿನ ತಂತಿ ಇವುಗಳ ಹೆಸರೆತ್ತಬಾರದು. 2020ರ ಮೇಯಲ್ಲಿ ಪಾಲಕ್ಕಾಡಿನಲ್ಲಿ ಬಾಯಿಯಲ್ಲಿ ಸಿಡಿಮದ್ದು ಸಿಡಿದು ಗರ್ಭಿಣಿ ಆನೆಯೊಂದು ಹೊಳೆಯಲ್ಲಿ ನಿಂತೇ ಸತ್ತದ್ದನ್ನು ದೇಶವೇ ನೋಡಿತು. 2025ರ ಜೂನಿನಲ್ಲಿ ಮಲಪ್ಪುರಂ ಜಿಲ್ಲೆಯ ವಳಿಕ್ಕಡವಿನಲ್ಲಿ ಹಂದಿಗೆಂದು ಕಳ್ಳತನದಲ್ಲಿ ಎಳೆದ ತಂತಿಗೆ ಸಿಕ್ಕಿ ಸತ್ತವನು ಶಾಲೆಗೆ ಹೋಗುವ ಹುಡುಗ. ಬ್ಯಾಟರಿಯ ಸೋಲಾರ್ ಬೇಲಿ ಬೇರೆ, ಅದು ಕ್ಷಣಕ್ಕೊಮ್ಮೆ ಸಣ್ಣ ಪೆಟ್ಟು ಕೊಟ್ಟು ಬಿಡುತ್ತದೆ, ಕೊಲ್ಲುವುದಿಲ್ಲ. ಹಂದಿಗೆ ಎಂದಾದರೆ ಮೊದಲ ತಂತಿ ನೆಲದಿಂದ ಒಂದು ಗೇಣು ಎತ್ತರದಲ್ಲೇ ಇರಬೇಕು, ಬುಡದ ಹುಲ್ಲು ವಾರಕ್ಕೊಮ್ಮೆ ಸವರಬೇಕು. ಹುಲ್ಲು ತಾಗಿದರೆ ಬೇಲಿ ಇದ್ದೂ ಇಲ್ಲದಂತೆ. ನಾಲ್ಕು ಮನೆ ಸೇರಿ ಹಾಕಿದರೆ ಖರ್ಚೂ ಹಂಚಿಹೋಗುತ್ತದೆ, ಮೂಲೆಗಳೂ ಕಡಿಮೆಯಾಗುತ್ತವೆ.

ಕೊನೆಗೆ ಅಧಿಕಾರದಲ್ಲಿ ಇರುವವರಿಗೂ ಒಂದು ಮಾತು ಹೇಳಬೇಕಾಗಿದೆ. ಹೊಡೆಯಲು ಅನುಮತಿ ಕೊಡುವುದು ಒಂದು ಕಚೇರಿ, ಕೋವಿಗೆ ಲೈಸೆನ್ಸ್ ಕೊಡುವುದು ಇನ್ನೊಂದು, ತೋಟೆ ತಯಾರಿಸುವುದು ದೂರದ ಕಾರ್ಖಾನೆ. ಮೂವರೂ ಒಬ್ಬರನ್ನೊಬ್ಬರು ಕೇಳುವುದಿಲ್ಲ. ಅನುಮತಿಯ ಕಾಗದ ಕೈಯಲ್ಲಿ ಹಿಡಿದ ರೈತ ಖಾಲಿ ಕೋವಿಯ ಮುಂದೆ ಕೂತಿದ್ದಾನೆ. ಚುನಾವಣೆ ಬಂತೆಂದರೆ ಆ ಖಾಲಿ ಕೋವಿಯೂ ಠಾಣೆಗೆ. 2024ರ ಲೋಕಸಭಾ ಚುನಾವಣೆಯಲ್ಲೂ ಹಾಗೆಯೇ ಆಯಿತು. ಬೆಳೆ ರಕ್ಷಣೆಯ ಕೋವಿಯನ್ನು ಬಿಡಬೇಕೇ ಬೇಡವೇ ಎಂದು ನೋಡಲು ಜಿಲ್ಲೆಯಲ್ಲಿ ಸಮಿತಿ ಇರುತ್ತದೆ, ಅದಕ್ಕೆ ಮೊದಲೇ ಅರ್ಜಿ ಕೊಡಬಹುದೆಂಬುದು ನಮ್ಮಲ್ಲಿ ಹಲವರಿಗೆ ತಿಳಿದಿಲ್ಲ. ತೋಟೆಯ ವಿಷಯದಲ್ಲಿಯೂ ಒಬ್ಬೊಬ್ಬರೇ ಅಂಗಡಿಗೆ ಅಲೆಯುವ ಬದಲು, ಪಂಚಾಯತಿನ ಪಟ್ಟಿಯಲ್ಲಿ ಇರುವ ಕೋವಿಯವರೆಲ್ಲ ಸೇರಿ, ತಮ್ಮ ತಮ್ಮ ಲೈಸೆನ್ಸಿನಲ್ಲಿ ಉಳಿದಿರುವ ಲೆಕ್ಕ, ಕೋವಿಯ ಬೋರು, ಮನೆಯ ಉದ್ದ, ಬೇಕಾದ ಚರೆ ಇಷ್ಟನ್ನು ಬರೆದು ಜಿಲ್ಲಾಧಿಕಾರಿಗಳಿಗೆ ಒಂದೇ ಮನವಿ ಕೊಡುವುದು ಒಳ್ಳೆಯದು. ಎಷ್ಟು ಪೆಟ್ಟಿಗೆ ಎಸ್.ಜಿ. ಬೇಕೆಂದು ಯಾರೂ ಬರೆದು ಕೊಡದಿದ್ದರೆ ತರಿಸಬೇಕೆಂದು ಅವರಿಗಾದರೂ ಹೇಗೆ ಗೊತ್ತಾಗಬೇಕು? ಮನವಿ ಬರೆಯಲು ಕಷ್ಟವಾದವರು ಆದಿತ್ಯವಾರ ಪೂಜೆಯ ನಂತರ ಬಂದರೆ ಬರೆದುಕೊಡುತ್ತೇವೆ. ಲೈಸೆನ್ಸ್ ಪುಸ್ತಕ ಮಾತ್ರ ತನ್ನಿ, ಕೋವಿ ತರುವುದು ಬೇಡ.